ಅರಮನೆ ಮೈದಾನದಲ್ಲಿ ಐರನ್ ಮೇಡನ್: 2007ರ ಕಾರ್ಯಕ್ರಮದ ವಿಮರ್ಶೆ

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಬ್ಯಾಂಡ್ ಐರನ್ ಮೇಡನ್ 2007ರ ಮಾರ್ಚ್ 17ರ ಶನಿವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ 15 ಹಾಡುಗಳಲ್ಲಿ 5 ಹಾಡುಗಳು ಹಿಂದಿನ ವರ್ಷದ ಆಗಸ್ಟ್ ತಿಂಗಳಲ್ಲಷ್ಟೇ ಹೊರಬಂದಿದ್ದ ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’ ಆಲ್ಬಮ್ಮಿನವು. ವಿಮರ್ಶೆಯನ್ನು ಈ ಲೆಕ್ಕದಿಂದಲೇ ಆರಂಭಿಸಲು ಕಾರಣವಿದೆ. 1975ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಹುಟ್ಟಿದ ಈ ಬ್ಯಾಂಡ್ ಭಾರತದಲ್ಲಿ ನುಡಿಸಿದ್ದು ಅದೇ ಮೊದಲು. ಅಷ್ಟು ವರ್ಷ ಕಾದು ಕುಳಿತಿದ್ದ ಸಭೆಯ ಮುಂದೆ, ಎಲ್ಲರಿಗೂ ಬಾಯಿಪಾಠವಾಗಿದ್ದ ಹಳೆಯ ಹಾಡುಗಳನ್ನು ಸಾಲಾಗಿ ನುಡಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಹೊರಟುಹೋಗುವುದು ಅವರಿಗೆ ಸುಲಭವಿತ್ತು; ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ಅವರು ಆ ಹಾದಿ ಹಿಡಿಯದೆ, ಆ ಪ್ರವಾಸಕ್ಕೆಂದು ಕಟ್ಟಿದ ಪಟ್ಟಿಯನ್ನು, ಏಳೆಂಟು ನಿಮಿಷಗಳ ಕ್ಲಿಷ್ಟ ಹಾಡುಗಳ ಸಮೇತ, ನಮ್ಮ ಮುಂದೆಯೂ ನುಡಿಸಿದರು. ಆ ಸಂಜೆಯ ಬಗ್ಗೆ ನನಗಿರುವ ಗೌರವದ ಬಹುಪಾಲು ಈ ನಿರ್ಧಾರಕ್ಕೆ ಸಲ್ಲುತ್ತದೆ.

ಬ್ಯಾಂಡಿನ ಪರಿಚಯವಿಲ್ಲದ ಓದುಗರಿಗೆ ನಾಲ್ಕು ಮಾತು ಹೇಳಬೇಕು. ಬಾಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್ ಇದರ ಸ್ಥಾಪಕರು, ಹಾಡುಗಳಲ್ಲಿ ಹೆಚ್ಚಿನವನ್ನು ರಚಿಸಿದವರೂ ಅವರೇ. ಗಾಯಕ ಬ್ರೂಸ್ ಡಿಕಿನ್ಸನ್ 1981ರಲ್ಲಿ ಸೇರಿ, 1993ರಲ್ಲಿ ಹೊರನಡೆದು, 1999ರಲ್ಲಿ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಅವರೊಂದಿಗೆ ಮರಳಿ ಬಂದರು. ಸ್ಮಿತ್ ಇಲ್ಲದಿದ್ದ ಕಾಲದಲ್ಲಿ ಅವರ ಜಾಗ ತುಂಬಿದ್ದ ಯಾನಿಕ್ ಗರ್ಸ್ ಅವರನ್ನು ಆಗ ಕೈಬಿಡದೆ ಉಳಿಸಿಕೊಂಡದ್ದರಿಂದ, ಮೊದಲ ಆಲ್ಬಮ್ಮಿನಿಂದಲೂ ಇದ್ದ ಡೇವ್ ಮರ್ರೇ ಸೇರಿ ಬ್ಯಾಂಡಿಗೆ ಮೂವರು ಗಿಟಾರ್ ವಾದಕರಾದರು. ಡ್ರಮ್ಸ್ ನುಡಿಸುವ ನಿಕೋ ಮೆಕ್‌ಬ್ರೇನ್ 1982ರ ಕೊನೆಯಿಂದ ಜೊತೆಗಿದ್ದವರು. ಬೆಂಗಳೂರಿಗೆ ಬಂದದ್ದು ಈ ಆರು ಜನರ ತಂಡ.

ನಮ್ಮ ಊರಿಗೆ ದೊಡ್ಡ ರಾಕ್ ಕಾರ್ಯಕ್ರಮಗಳು ಹೊಸತಾಗಿರಲಿಲ್ಲ. ಇದೇ ಮೈದಾನದಲ್ಲಿ 2002ರಲ್ಲಿ ರಾಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹೋಗಿದ್ದರು. ಆದರೆ ಹೆವಿ ಮೆಟಲ್ ಕೇಳುವವರು ಆವರೆಗೆ ಬದುಕಿದ್ದು ಪರಸ್ಪರ ನಕಲು ಮಾಡಿಕೊಂಡ ಕ್ಯಾಸೆಟ್ಟುಗಳ ಮೇಲೆ, 1993ರಲ್ಲಿ ಅಲಹಾಬಾದಿನಿಂದ ಹೊರಡಲಾರಂಭಿಸಿದ ರಾಕ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮೇಲೆ, ಮತ್ತು ಕಾಲೇಜು ಉತ್ಸವಗಳಲ್ಲಿ ಇದೇ ಹಾಡುಗಳನ್ನು ಕಲಿತು ನುಡಿಸುತ್ತಿದ್ದ ಸ್ಥಳೀಯ ಹುಡುಗರ ಮೇಲೆ. ಆದ್ದರಿಂದ ಅರಮನೆ ಮೈದಾನಕ್ಕೆ ಬಂದ ಹತ್ತಾರು ಸಾವಿರ ಜನರಲ್ಲಿ ಕುತೂಹಲಕ್ಕೆಂದು ಬಂದವರು ಕಡಿಮೆ. ಕಪ್ಪು ಟೀ ಶರ್ಟ್ ತೊಟ್ಟು, ಈಶಾನ್ಯದ ರಾಜ್ಯಗಳಿಂದಲೂ ಮುಂಬೈ, ಕೋಲ್ಕತ್ತ, ಚೆನ್ನೈಗಳಿಂದಲೂ ರೈಲು ಹತ್ತಿ ಬಂದಿದ್ದವರ ಬಾಯಲ್ಲಿ ಪ್ರತಿ ಹಾಡಿನ ಪ್ರತಿ ಸಾಲೂ ಇತ್ತು. ಅದೇ ಸಂಜೆ ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಪಂದ್ಯ ಆರಂಭವಾಗಿ, ಭಾರತ ತಂಡ ಬಾಂಗ್ಲಾದೇಶಕ್ಕೆ ಸೋಲುವ ಹಾದಿಯಲ್ಲಿತ್ತು. ಬೇರೆ ಯಾವ ದಿನವಾಗಿದ್ದರೂ ಊರೆಲ್ಲ ಸ್ಕೋರ್ ಕೇಳುತ್ತಿತ್ತು. ನನ್ನ ಸುತ್ತ ಇದ್ದವರಲ್ಲಿ ಒಬ್ಬರೂ ಅದರ ಮಾತೆತ್ತಿದ್ದನ್ನು ನಾನು ಕೇಳಲಿಲ್ಲ.

ಮೊದಲು ದೆಹಲಿಯ ಪರಿಕ್ರಮ ಬ್ಯಾಂಡ್, ನಂತರ ಹ್ಯಾರಿಸ್ ಅವರ ಮಗಳು ಲಾರೆನ್ ಹ್ಯಾರಿಸ್ ಅವರ ತಂಡ ನುಡಿಸಿತು. ಪರಿಕ್ರಮ ಅಂದು ಚೆನ್ನಾಗಿ ನುಡಿಸಿತು, ಪಿಟೀಲು ಸೇರಿದ ಅವರ ರಾಕ್ ಬಯಲಿನಲ್ಲಿ ಹಿತವಾಗಿ ಕೇಳಿಸಿತು. ಅದೇ ವರ್ಷದ ಜೂನ್‌ನಲ್ಲಿ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಲು ಅವರಿಗೆ ಕರೆ ಬಂದದ್ದು ಐರನ್ ಮೇಡನ್ ಕಡೆಯಿಂದಲೇ. ಮುಖ್ಯ ಬ್ಯಾಂಡಿಗಾಗಿ ಕಾದು ನಿಂತ ಜನ ಆರಂಭದ ತಂಡಗಳನ್ನು ಕೂಗಿ ಇಳಿಸುವ ಕೆಟ್ಟ ಚಾಳಿ ಅಂದು ಕಾಣಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಐರನ್ ಮೇಡನ್ ವೇದಿಕೆಗೆ ಬರುವ ಮುನ್ನ ಧ್ವನಿವರ್ಧಕದಲ್ಲಿ ಯುಎಫ್‌ಓ ಬ್ಯಾಂಡಿನ ‘ಡಾಕ್ಟರ್ ಡಾಕ್ಟರ್’ ಹಾಡನ್ನು ಹಾಕುವುದು ಹಳೆಯ ಪದ್ಧತಿ. ಅದನ್ನು ಬಲ್ಲವರು ಹಾಡಿನ ಮೊದಲ ಸಾಲಿಗೇ ಮುಂದಕ್ಕೆ ನುಗ್ಗತೊಡಗುತ್ತಾರೆ. ದೀಪ ಆರಿ, ‘ಡಿಫರೆಂಟ್ ವರ್ಲ್ಡ್’ ಆರಂಭವಾದ ಕೂಡಲೆ ಎದ್ದ ಕೂಗಿನಲ್ಲಿ ಮೊದಲ ಒಂದು ನಿಮಿಷ ಏನು ನುಡಿಸಿದರೆಂದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕೂಗು ಇಳಿದ ಮೇಲೆ ಕೇಳಿಸಿದ ಧ್ವನಿಯೂ ತೃಪ್ತಿಕರವಾಗಿರಲಿಲ್ಲ: ಬಾಸ್ ಮತ್ತು ಡ್ರಮ್ಸ್ ಎದೆಗೆ ಬಡಿಯುತ್ತಿದ್ದವು, ಗಾಯನ ಅವುಗಳ ಹಿಂದೆ ಸಿಕ್ಕಿಕೊಂಡಿತ್ತು, ಮೂರು ಗಿಟಾರುಗಳು ಒಂದೇ ಮುದ್ದೆಯಾಗಿದ್ದವು. ಬಯಲಿನಲ್ಲಿ ಇದು ಸಾಮಾನ್ಯ. ತಾರಸ್ಥಾಯಿಯ ಶಬ್ದಗಳನ್ನು ಗಾಳಿ ಬೇಗ ಹೀರಿಕೊಳ್ಳುತ್ತದೆ, ಮಂದ್ರದವು ದೂರ ಸಾಗುತ್ತವೆ. ಸಂಜೆಯ ಗಾಳಿ ದಿಕ್ಕು ಬದಲಿಸಿದರೆ ಗಾಯಕನ ಧ್ವನಿ ಒಂದು ಕ್ಷಣ ಹತ್ತಿರ ಬಂದು ಮರುಕ್ಷಣ ದೂರ ಹೋದಂತಾಗುತ್ತದೆ. ಜನ ತುಂಬಿದ ಮೇಲೆ ಮೈದಾನದ ಧ್ವನಿಗುಣವೇ ಬದಲಾಗುವುದರಿಂದ, ಮಧ್ಯಾಹ್ನ ಖಾಲಿ ಬಯಲಿನಲ್ಲಿ ಹೊಂದಿಸಿದ್ದನ್ನು ರಾತ್ರಿ ಮತ್ತೆ ಹೊಂದಿಸಬೇಕಾಗುತ್ತದೆ. ಮೂರನೆಯ ಹಾಡಿನ ಹೊತ್ತಿಗೆ ಅದು ಬಹುಮಟ್ಟಿಗೆ ಸರಿಹೋಯಿತು.

ಆ ಮೂರನೆಯ ಹಾಡು ‘ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್’. ಅಣುಬಾಂಬನ್ನು ನಿರ್ಮಿಸಿದ ಮ್ಯಾನ್‌ಹಟನ್ ಯೋಜನೆಯ ಸುತ್ತ ಹೆಣೆದ, ಎಂಟು ನಿಮಿಷ ಮೀರುವ, ನಡೆಯನ್ನು ಮತ್ತೆ ಮತ್ತೆ ಬದಲಿಸುವ ಹಾಡು ಅದು. ಮೊದಲ ಭೇಟಿಯಲ್ಲಿ, ಕುಣಿಯಲು ಸಿದ್ಧರಾಗಿ ನಿಂತ ಜನರ ಮುಂದೆ, ಇಷ್ಟು ಬೇಗ ಇಂಥ ಹಾಡನ್ನು ಇಡುವುದು ಧೈರ್ಯದ ಕೆಲಸ. ಹೊಸ ಹಾಡುಗಳ ಹೊತ್ತಿಗೆ ಸಭೆಯ ಒಂದು ಭಾಗ ತಣ್ಣಗಾಯಿತು ಎಂಬ ದೂರನ್ನು ನಾನು ಆಮೇಲೆ ಕೇಳಿದ್ದೇನೆ, ಅದು ಸುಳ್ಳೂ ಅಲ್ಲ. ಹಿಂದೆ ನಿಂತವರಲ್ಲಿ ಕೆಲವರು ‘ದಿ ರೀಇನ್ಕಾರ್ನೇಷನ್ ಆಫ್ ಬೆಂಜಮಿನ್ ಬ್ರೀಗ್’ ಶುರುವಾದಾಗ ನೀರು ಹುಡುಕಿಕೊಂಡು ಹೊರಟದ್ದನ್ನು ನಾನೂ ಕಂಡೆ. ಆದರೂ ಬ್ಯಾಂಡ್ ಮಾಡಿದ್ದು ಸರಿ ಎಂಬುದೇ ನನ್ನ ಅಭಿಪ್ರಾಯ. ಈ ಆಲ್ಬಮ್ಮನ್ನು ಅವರು ಸ್ಟುಡಿಯೋದಲ್ಲಿ ಆರು ಜನರೂ ಒಟ್ಟಿಗೆ ಕೂತು ನುಡಿಸಿ ದಾಖಲಿಸಿದ್ದರು, ಮತ್ತು ಕೊನೆಯ ಹಂತದ ಮಾಸ್ಟರಿಂಗ್ ನಯಗಾರಿಕೆಯನ್ನೂ ಮಾಡಿಸದೆ ಇದ್ದ ಹಾಗೆಯೇ ಬಿಡುಗಡೆ ಮಾಡಿದ್ದರು. ವೇದಿಕೆಗೆಂದೇ ಹದಗೊಂಡಿದ್ದ ಆ ಹಾಡುಗಳು ಅಂದು ರೆಕಾರ್ಡಿನಲ್ಲಿ ಕೇಳಿದ್ದಕ್ಕಿಂತ ಬಿಗಿಯಾಗಿ, ಸ್ವಲ್ಪ ವೇಗವಾಗಿ, ಉಸಿರಾಡುತ್ತ ಬಂದವು.

‘ಫಾರ್ ದ ಗ್ರೇಟರ್ ಗುಡ್ ಆಫ್ ಗಾಡ್’ ಹಾಡಿನ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಧರ್ಮದ ಹೆಸರಿನಲ್ಲಿ ನಡೆಯುವ ಯುದ್ಧಗಳ ಕುರಿತು ಹ್ಯಾರಿಸ್ ಬರೆದ, ಒಂಬತ್ತು ನಿಮಿಷಕ್ಕೂ ದೀರ್ಘವಾದ ಈ ರಚನೆ ಮೆಲ್ಲನೆ ಶುರುವಾಗುತ್ತದೆ. ಡಿಕಿನ್ಸನ್ ಆ ತನಕದ ಓಡಾಟವನ್ನೆಲ್ಲ ಬಿಟ್ಟು ಮೈಕಿನ ಮುಂದೆ ನಿಂತು, ಪ್ರಶ್ನೆಯಾಗಿ ಬರುವ ಸಾಲುಗಳನ್ನು ತಗ್ಗಿದ ದನಿಯಲ್ಲಿ ಹಾಡಿದರು. ಪಲ್ಲವಿಯಲ್ಲಿ ಗಿಟಾರುಗಳು ಮೂರೂ ಸೇರಿದಾಗ ಆ ಪ್ರಶ್ನೆಗಳ ತೂಕ ತಿಳಿಯಿತು. ನಾನು ಈ ಹಾಡನ್ನು ಆಲ್ಬಮ್ಮಿನಲ್ಲಿ ಕೇಳಿದಾಗ ಪಲ್ಲವಿ ಅಗತ್ಯಕ್ಕಿಂತ ಹೆಚ್ಚು ಸಲ ಮರಳಿ ಬರುತ್ತದೆ ಎನ್ನಿಸಿತ್ತು. ಮೈದಾನದಲ್ಲಿ ಆ ಪುನರಾವರ್ತನೆಗೆ ಕೆಲಸವಿತ್ತು: ಹಾಡು ಗೊತ್ತಿಲ್ಲದವರೂ ಮೂರನೆಯ ಸುತ್ತಿಗೆ ಪಲ್ಲವಿಯನ್ನು ಕಲಿತು ಸೇರಿಕೊಂಡರು, ಕೊನೆಯ ಸುತ್ತನ್ನು ಇಡೀ ಬಯಲು ಹಾಡಿತು. ಹಳೆಯ ಹಾಡುಗಳನ್ನಷ್ಟೇ ನುಡಿಸಿದ್ದರೆ ಒಂದು ಹಾಡು ನಮ್ಮ ಕಣ್ಣೆದುರೇ ಜನರದಾಗುವುದನ್ನು ನಾವು ನೋಡುತ್ತಿರಲಿಲ್ಲ.

ವಾದನದ ಬಗ್ಗೆ ಹೇಳುವುದಾದರೆ ಹ್ಯಾರಿಸ್ ಅವರ ಬಲಗೈಯಿಂದ ಶುರು ಮಾಡಬೇಕು. ಬ್ಯಾರಿಕೇಡಿನ ಹತ್ತಿರಕ್ಕೆ ಸರಿದು ನಿಂತಾಗ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ತಂತಿ ಮೀಟುವ ಪಿಕ್ ಹಿಡಿಯುವುದಿಲ್ಲ. ಬರಿಬೆರಳುಗಳಲ್ಲೇ, ಮಣಿಕಟ್ಟನ್ನು ಹೆಚ್ಚು ಅಲುಗಿಸದೆ, ಒಂದು ದೀರ್ಘ, ಎರಡು ಹ್ರಸ್ವ ಪೆಟ್ಟುಗಳ, ಮೇಡನ್ನಿನ ಗುರುತಾದ ನಾಗಾಲೋಟದ ಲಯವನ್ನು ನಿಮಿಷಗಟ್ಟಲೆ ಸಡಿಲಗೊಳಿಸದೆ ನುಡಿಸುತ್ತಾರೆ. ಚಪ್ಪಟೆ ಸುತ್ತಿನ ತಂತಿಗಳನ್ನು ಬಳಸುವ ಅವರ ಬಾಸಿನಲ್ಲಿ ಲೋಹಕ್ಕೆ ಲೋಹ ತಾಗಿದಂತಹ ಟಣಕು ಇದೆ, ಎಷ್ಟು ಗದ್ದಲದಲ್ಲೂ ಆ ಟಣಕು ಕಿವಿಗೆ ಪ್ರತ್ಯೇಕವಾಗಿ ಸಿಗುತ್ತದೆ. ಒಂದು ಕಾಲನ್ನು ಮಾನಿಟರ್ ಪೆಟ್ಟಿಗೆಯ ಮೇಲಿಟ್ಟು, ಬಾಸಿನ ತುದಿಯನ್ನು ಜನರತ್ತ ಹಿಡಿದು, ತಮ್ಮ ಮುಂದೆ ಮೈಕ್ ಇಲ್ಲದಿದ್ದರೂ ಪ್ರತಿ ಸಾಲಿಗೂ ತುಟಿ ಆಡಿಸುತ್ತ ನುಡಿಸುವುದನ್ನು ನೋಡಿದರೆ, ಹಾಡು ಬರೆದವನಿಗೆ ಅದು ಇನ್ನೂ ಹಳತಾಗಿಲ್ಲ ಎಂಬುದು ಖಚಿತವಾಗುತ್ತದೆ. ಗಿಟಾರ್ ವಾದಕರು ಮೂವರೂ ಮೂರು ಸ್ವಭಾವದವರು. ಮರ್ರೇ ಅವರ ಬೆರಳುಗಳಿಂದ ಸ್ವರಗಳು ಜಾರುತ್ತ ಒಂದಕ್ಕೊಂದು ಕೂಡಿಕೊಂಡು ಬರುತ್ತವೆ, ಮುಖದಲ್ಲಿ ಯಾವಾಗಲೂ ನಗು. ಸ್ಮಿತ್ ಪ್ರತಿ ಸ್ವರವನ್ನೂ ಬಿಡಿಸಿ, ಯೋಚಿಸಿ ನುಡಿಸುವವರು. ಆ ಸಂಜೆಯ ಅತ್ಯುತ್ತಮ ಸೋಲೋಗಳು ಅವರವು. ಗರ್ಸ್ ಗಿಟಾರನ್ನು ಸುತ್ತ ತಿರುಗಿಸುತ್ತ, ಎಸೆದು ಹಿಡಿಯುತ್ತ ಕುಣಿಯುವುದನ್ನು ಕಂಡು ಅವರ ವಾದನವನ್ನು ಲಘುವಾಗಿ ಎಣಿಸುವವರಿದ್ದಾರೆ, ಅದು ಅನ್ಯಾಯ. ಮೂರನೆಯ ಗಿಟಾರ್ ಇರುವುದರಿಂದಲೇ ಇಬ್ಬರು ಜೋಡಿಸ್ವರ ನುಡಿಸುವಾಗ ಕೆಳಗಿನ ಲಯ ತೆಳುವಾಗದೆ ಉಳಿಯುತ್ತದೆ.

‘ದಿ ಟ್ರೂಪರ್’ ಹಾಡಿಗೆ ಡಿಕಿನ್ಸನ್ ಬ್ರಿಟಿಷ್ ಧ್ವಜ ಬೀಸುವುದು ವಾಡಿಕೆ. 1854ರಲ್ಲಿ ಕ್ರಿಮಿಯಾ ಯುದ್ಧದ ಬಾಲಕ್ಲಾವಾದಲ್ಲಿ ತಪ್ಪಾಗಿ ತಲುಪಿದ ಆದೇಶಕ್ಕೆ ತಲೆಬಾಗಿ ಫಿರಂಗಿಗಳ ಬಾಯಿಗೆ ಕುದುರೆ ಓಡಿಸಿದ ಸವಾರರ ಕಥೆ ಅದು. 1809ರಿಂದ ಬ್ರಿಟಿಷ್ ಸೇನೆಯ ದಂಡು ಬೀಡುಬಿಟ್ಟಿದ್ದ ಊರಿನಲ್ಲಿ, ಕಂಟೋನ್ಮೆಂಟಿನಿಂದ ಕೂಗಳತೆಯ ದೂರದಲ್ಲಿ, ಈ ಹಾಡನ್ನು ಸಾವಿರಾರು ಜನ ಒಕ್ಕೊರಲಿನಿಂದ ಹಾಡಿದ್ದು ನನಗೆ ಯಾವ ಮುಜುಗರವನ್ನೂ ತರಲಿಲ್ಲ. ಹಾಡು ಸಾಮ್ರಾಜ್ಯವನ್ನು ಹೊಗಳುವುದಿಲ್ಲ, ಸಾಯುವ ಸಿಪಾಯಿಯ ಕಣ್ಣಿನಿಂದ ನೋಡುತ್ತದೆ. ಅಮೆರಿಕದ ಮೂಲನಿವಾಸಿಗಳ ನೆಲ ಕಸಿದುಕೊಂಡ ಕಥೆಯನ್ನು ಕಸಿದವರು, ಕಳೆದುಕೊಂಡವರು ಇಬ್ಬರ ಬಾಯಿಂದಲೂ ಹೇಳಿಸುವ ‘ರನ್ ಟು ದ ಹಿಲ್ಸ್’ ಕೂಡ ಅದೇ ಜಾತಿಯದು, ಅದನ್ನೂ ಅಂದು ನುಡಿಸಿದರು.

ಜನರ ಗಾಯನಕ್ಕೆ ಬಂದರೆ, ‘ಫಿಯರ್ ಆಫ್ ದ ಡಾರ್ಕ್’ ಹಾಡಿನ ಆರಂಭದಲ್ಲಿ ಗಿಟಾರಿನ ಟ್ಯೂನನ್ನು ಜನರೇ ಹಾಡುವುದು ಜಗತ್ತಿನ ಎಲ್ಲ ಕಡೆ ನಡೆಯುವ ಪದ್ಧತಿ. ಅದನ್ನು ಲೈವ್ ರೆಕಾರ್ಡುಗಳಲ್ಲಿ ಎಷ್ಟು ಕೇಳಿದ್ದರೂ, ಗುಂಪಿನ ಒಳಗೆ ನಿಂತು ಕೇಳುವುದೇ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ವೇದಿಕೆಯಿಂದ ನೂರು ಮೀಟರ್ ಹಿಂದೆ ನಿಂತವರಿಗೆ ಪ್ರತಿ ತಾಳವೂ ಸುಮಾರು ಮೂರನೆಯ ಒಂದು ಪಾಲು ಸೆಕೆಂಡ್ ತಡವಾಗಿ ತಲುಪುತ್ತದೆ. ಅವರು ಹಾಡಿದ್ದು ಮುಂದಿನವರಿಗೆ ಮರಳಿ ಬರುವಷ್ಟರಲ್ಲಿ ಇನ್ನೂ ಅಷ್ಟೇ ತಡ. ನಾನು ನಿಂತಿದ್ದ ಜಾಗದಲ್ಲಿ ಒಂದೇ ಟ್ಯೂನು ಮುಂದಿನಿಂದ ಒಮ್ಮೆ, ಬೆನ್ನ ಹಿಂದಿನಿಂದ ಇನ್ನೊಮ್ಮೆ ಬರುತ್ತಿತ್ತು. ವೇದಿಕೆಯ ಮೇಲೆ ಮರ್ರೇ ಮತ್ತು ಸ್ಮಿತ್ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕದ್ದನ್ನು ನಾನು ನೋಡಿದೆ.

‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಮ್ ಹೊರಬಂದು ಆ ವರ್ಷಕ್ಕೆ 25 ವರ್ಷ ತುಂಬಿತ್ತು. ಅದರ ನಾಲ್ಕು ಹಾಡುಗಳು ಪಟ್ಟಿಯಲ್ಲಿದ್ದವು, ‘ಚಿಲ್ಡ್ರನ್ ಆಫ್ ದ ಡ್ಯಾಮ್ಡ್’ ಅವುಗಳಲ್ಲಿ ಅಪರೂಪದ್ದು. ಬ್ಯಾಂಡಿನ ಹೆಸರನ್ನೇ ಹೊತ್ತ ‘ಐರನ್ ಮೇಡನ್’ ಹಾಡಿಗೆ ಅವರ ಗುರುತಾದ ಎಡ್ಡಿ ಎಂಬ ಬೆದರುಬೊಂಬೆ ಬರುವುದು ಎಲ್ಲರಿಗೂ ತಿಳಿದ ಸಂಗತಿ. ಮತ್ತೆ ಮರಳಿ ಬಂದು ನುಡಿಸಿದ ಮೂರರಲ್ಲಿ ‘ಟೂ ಮಿನಿಟ್ಸ್ ಟು ಮಿಡ್‌ನೈಟ್’ ಮತ್ತು ‘ದಿ ಈವಿಲ್ ದ್ಯಾಟ್ ಮೆನ್ ಡೂ’ ಚುರುಕಾಗಿ ಮುಗಿದವು. ಕೊನೆಯ ‘ಹ್ಯಾಲೋಡ್ ಬಿ ದೈ ನೇಮ್’ ಬೇರೆಯೇ ಮಟ್ಟದ್ದು. ಗಲ್ಲಿಗೇರಲು ಕಾದ ಕೈದಿಯ ಮಾತಾಗಿ ಗಂಟೆಯ ಸದ್ದಿನೊಂದಿಗೆ ತೆರೆದುಕೊಳ್ಳುವ ಈ ಹಾಡಿನಲ್ಲಿ ಒಂದೂವರೆ ಗಂಟೆ ಓಡಿ, ಹಾರಿ, ಹಾಡಿದ ಗಾಯಕನಿಂದ ದೀರ್ಘ ಸ್ವರವೊಂದನ್ನು ನಿರೀಕ್ಷಿಸುವುದು ಕಠಿಣ ಪರೀಕ್ಷೆ. ಡಿಕಿನ್ಸನ್ ಆ ಸ್ವರವನ್ನು ತಪ್ಪಿಸಲಿಲ್ಲ, ಮೊಟಕುಗೊಳಿಸಲೂ ಇಲ್ಲ. ಅದರ ನಂತರದ ದೀರ್ಘ ವಾದನಭಾಗದಲ್ಲಿ ಮೆಕ್‌ಬ್ರೇನ್ ಒಂದೇ ಬಾಸ್ ಡ್ರಮ್ ಪೆಡಲಿನಿಂದ ಹೊರಡಿಸಿದ ಚುರುಕು ನಡೆಯನ್ನು ಎರಡು ಪೆಡಲ್ ಇಟ್ಟುಕೊಂಡ ಇಂದಿನ ಅನೇಕ ಡ್ರಮ್ ವಾದಕರು ಕೂತು ಅಭ್ಯಾಸ ಮಾಡಬೇಕು.

ವ್ಯವಸ್ಥೆಯ ಬಗ್ಗೆ ಇಷ್ಟೇ ಒಳ್ಳೆಯ ಮಾತು ಹೇಳಲಾರೆ. ಮಾರ್ಚ್ ಬಿಸಿಲಿನಲ್ಲಿ ಮಧ್ಯಾಹ್ನದಿಂದ ಕಾದವರಿಗೆ ಹೊರಗಿನ ನೀರಿನ ಬಾಟಲಿ ಒಯ್ಯಲು ಬಿಡದಿದ್ದ ಮೇಲೆ ಒಳಗೆ ಸಾಕಷ್ಟು ಕುಡಿಯುವ ನೀರು ಇಡಬೇಕಿತ್ತು. ಸಾವಿರಾರು ಕಾಲುಗಳು ಎಬ್ಬಿಸಿದ ಮಣ್ಣಿನ ದೂಳಿಗೆ ಸಂಜೆಯಾಗುವಷ್ಟರಲ್ಲಿ ಗಂಟಲು ಕಟ್ಟಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅಷ್ಟೂ ಜನ ಹೊರಬರಲು ತೆರೆದಿದ್ದ ದಾರಿ ಕಿರಿದಾಗಿತ್ತು, ನೂಕುನುಗ್ಗಲಿನಲ್ಲಿ ಎಳೆಯರು ಹೆದರಿದ್ದರು. ಅದು ಅವಘಡವಾಗದೆ ಮುಗಿದದ್ದಕ್ಕೆ ಜನರ ತಾಳ್ಮೆಯೇ ಕಾರಣ. ಇಂಥ ಕಾರ್ಯಕ್ರಮಗಳಿಗೆ ಹೋಗುವ ಕಿರಿಯರಿಗೆ ಎರಡು ಸಲಹೆ ಕೊಡುತ್ತೇನೆ. ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಸ್ಥಳಗಳಿಗೆ ನಿಗದಿಪಡಿಸಿದ ಮಿತಿ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್, ಅದೂ ಕಡಿಮೆ ಶಬ್ದವೇನಲ್ಲ. ಸಂಗೀತವನ್ನು ಸರಿಯಾಗಿ ಕೇಳುವ ಆಸೆಯಿದ್ದರೆ ಮೈದಾನದ ನಡುವೆ ಮಿಕ್ಸಿಂಗ್ ಕನ್ಸೋಲ್ ಇರುವ ಕಡೆ ನಿಲ್ಲಿ, ಏಕೆಂದರೆ ಧ್ವನಿಯನ್ನು ಹೊಂದಿಸುವವರು ಅಲ್ಲಿ ಕೇಳಿಸುವುದನ್ನು ಕೇಳಿಯೇ ಹೊಂದಿಸುತ್ತಾರೆ.

ಆ ಸಂಜೆಯ ನಂತರ ಊರಿನ ಚಿತ್ರ ಬದಲಾಯಿತು. 2008ರಲ್ಲಿ ಮೆಗಾಡೆತ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, 2012ರಲ್ಲಿ ಸ್ಲೇಯರ್, ಹೀಗೆ ಮೆಟಲ್ ಬ್ಯಾಂಡುಗಳು ಬೆಂಗಳೂರಿಗೆ ಬಂದವು. ಐರನ್ ಮೇಡನ್ ಕೂಡ 2009ರ ಫೆಬ್ರುವರಿ 15ರಂದು, ಡಿಕಿನ್ಸನ್ ಸ್ವತಃ ಪೈಲಟ್ ಆಗಿದ್ದ ಬೋಯಿಂಗ್ 757 ವಿಮಾನದ ಪ್ರವಾಸದಲ್ಲಿ, ಮತ್ತೆ ಅರಮನೆ ಮೈದಾನದಲ್ಲಿ ನುಡಿಸಿತು. ಆ ಸಲ ಈಜಿಪ್ಟಿನ ಮಾದರಿಯ ರಂಗಸಜ್ಜು, ಎಂಬತ್ತರ ದಶಕದ ಹಾಡುಗಳು. ನೋಡಲು ಹೆಚ್ಚು ಭವ್ಯ, ಜನರಿಗೂ ಹೆಚ್ಚು ಪ್ರಿಯ. ಎರಡನ್ನೂ ನೋಡಿದವರಲ್ಲಿ ಹೆಚ್ಚಿನವರು 2009ರದನ್ನೇ ಮೇಲೆನ್ನುತ್ತಾರೆ. ನನಗೆ ಮೊದಲನೆಯದೇ ಮೇಲು. ಎರಡನೆಯ ಭೇಟಿಯಲ್ಲಿ ಅವರು ತಮ್ಮ ಹಳೆಯ ವೈಭವವನ್ನು ಸೊಗಸಾಗಿ ತೋರಿಸಿದರು, ಮೊದಲನೆಯದರಲ್ಲಿ ಆ ಹೊತ್ತಿಗೆ ತಾವು ಏನನ್ನು ನಂಬಿ ಬರೆಯುತ್ತಿದ್ದರೋ ಅದನ್ನು ನಮ್ಮ ಮುಂದೆ ಇಟ್ಟರು.

ಮೆಕ್‌ಬ್ರೇನ್ 2024ರ ಡಿಸೆಂಬರ್ 7ರಂದು ಸಾವೊ ಪೌಲೊದಲ್ಲಿ ಪ್ರವಾಸದ ತಮ್ಮ ಕೊನೆಯ ಕಾರ್ಯಕ್ರಮ ನುಡಿಸಿದರು, ಅವರ ಜಾಗಕ್ಕೆ ಸೈಮನ್ ಡಾಸನ್ ಬಂದಿದ್ದಾರೆ. ಬ್ಯಾಂಡಿನ ಐವತ್ತನೆಯ ವರ್ಷಕ್ಕೆಂದು 2025ರಲ್ಲಿ ಶುರುವಾದ ಪ್ರವಾಸಕ್ಕೆ ಮೊದಲ ಒಂಬತ್ತು ಆಲ್ಬಮ್ಮುಗಳ ಹಾಡುಗಳನ್ನಷ್ಟೇ ಆರಿಸಿಕೊಂಡಿದ್ದಾರೆ. ಹಬ್ಬಕ್ಕೆ ಅದು ಒಪ್ಪುವ ಆಯ್ಕೆಯೇ. ಆದರೆ ಅವರು ಬೆಂಗಳೂರಿಗೆ ಇನ್ನೊಮ್ಮೆ ಬರುವುದಾದರೆ ‘ಫಾರ್ ದ ಗ್ರೇಟರ್ ಗುಡ್ ಆಫ್ ಗಾಡ್’ ಹಾಡನ್ನು ಪಟ್ಟಿಗೆ ಸೇರಿಸಿಕೊಳ್ಳಲಿ. ಈ ಊರಿನಲ್ಲಿ ಅದಕ್ಕೆ ಹಾಡುವ ಜನ ಇದ್ದಾರೆ.